ಲುವೊಪಿಂಗ್‌ನ ಹಳದಿ ಹೊಲಗಳಲ್ಲಿ, ಅಪ್ಪನ ಜೊತೆ

ಚೀನಾಕ್ಕೆ ಹೊರಟಿದ್ದೀವಿ ಅಂದಾಗ ಎಲ್ಲರೂ ಕೇಳಿದ್ದು ಒಂದೇ: ಮಹಾಗೋಡೆ ನೋಡ್ತೀರಾ, ಶಾಂಘೈ ನೋಡ್ತೀರಾ? ಎರಡೂ ಇಲ್ಲ. ನಾವು ಹೋಗಿದ್ದು ಯುನ್ನಾನ್ ಪ್ರಾಂತ್ಯದ ಪೂರ್ವದ ಅಂಚಿನ ಲುವೊಪಿಂಗ್‌ಗೆ. ಅದೊಂದು ಕೌಂಟಿ, ನಮ್ಮ ಲೆಕ್ಕದಲ್ಲಿ ದೊಡ್ಡ ತಾಲ್ಲೂಕು. ಆ ಕಡೆ ಗ್ವೀಚೌ ಪ್ರಾಂತ್ಯ, ಕೆಳಗೆ ಗ್ವಾಂಗ್‌ಶಿ. ಫೆಬ್ರವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ ಅಲ್ಲಿ ಎಣ್ಣೆಸಾಸಿವೆ ಹೂ ಬಿಡುತ್ತದೆ. ನಮ್ಮ ಸಾಸಿವೆಯ ಹತ್ತಿರದ ಬಂಧು ಅದು. ಅಂಗಡಿಯಲ್ಲಿ ಕೆನೋಲ ಎಣ್ಣೆ ಅಂತ ಸಿಗುತ್ತಲ್ಲ, ಅದೂ ಇದೇ ಜಾತಿಯ ಬೀಜದ್ದು.

ನನಗೆ ಬೇಕಿದ್ದದ್ದು ಫೋಟೊ, ಸುಳ್ಳು ಯಾಕೆ ಹೇಳಲಿ. ಹಳದಿ ಬಯಲು, ಅದರ ನಡುವೆ ಗೋಪುರದಂಥ ಸುಣ್ಣಕಲ್ಲಿನ ಗುಡ್ಡಗಳು. ಅಪ್ಪ ಜೊತೆಗೆ ಬಂದದ್ದಕ್ಕೆ ಕಾರಣವೇ ಬೇರೆ. ಚಳ್ಳಕೆರೆ ಹತ್ತಿರದ ಹಳ್ಳಿಯಲ್ಲಿ ಜೀವಮಾನವೆಲ್ಲ ಶೇಂಗಾ ಬೆಳೆದವರು. ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು ಅಂತ ನಿಮಗೆ ಗೊತ್ತಲ್ವಾ. "ಎಣ್ಣೆ ಬೀಜದ ಬೆಳೆ ನೋಡಾಕೆ ಜನ ಟಿಕೀಟು ತಗಂಡು ಹೋಗ್ತಾರಾ? ನಡಿ, ಅದನ್ನೇ ನೋಡಾಣ" ಅಂದರು. ಮೊಣಕಾಲು ನೋವಿದೆ ಅಂತ ಮದುವೆ ಮನೆಗೂ ಬರದವರು ಚೀನಾಕ್ಕೆ ಒಪ್ಪಿಬಿಟ್ಟರು.

ವೀಸಾ, ಬ್ಯಾಂಕಾಕ್ ಮೂಲಕ ಯುನ್ನಾನಿನ ರಾಜಧಾನಿ ಕುನ್ಮಿಂಗ್, ಅಲ್ಲಿ ಒಂದು ರಾತ್ರಿ. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಮೊದಲ ದಿನ: ಹಳೇ ರೈಲಿನಲ್ಲಿ

ಕುನ್ಮಿಂಗ್‌ನಿಂದ ಲುವೊಪಿಂಗ್‌ಗೆ ಇನ್ನೂರು ಕಿಲೋಮೀಟರ್ ಮೇಲಾಗುತ್ತದೆ. ಚೀನಾ ಅಂದರೆ ಬುಲೆಟ್ ರೈಲು ಅಂದುಕೊಂಡು ಹೋದರೆ ಇಲ್ಲಿ ಅದು ಸಿಗುವುದಿಲ್ಲ. ಈ ಊರು ಇರುವುದು ನಾನ್ನಿಂಗ್-ಕುನ್ಮಿಂಗ್ ಹಳೇ ಮಾರ್ಗದ ಮೇಲೆ. 1997ರಲ್ಲಿ ಮುಗಿದ ಮಾರ್ಗ, ಸಾಮಾನ್ಯ ವೇಗದ ರೈಲು. ಬಸ್ಸೂ ಇದೆ, ಆದರೆ ಹೂವಿನ ಕಾಲದಲ್ಲಿ ಶನಿವಾರ, ಭಾನುವಾರ ರಸ್ತೆ ತುಂಬಿ ಹೋಗುತ್ತದೆ ಅಂತ ಕುನ್ಮಿಂಗ್‌ನ ಹೋಟೆಲಿನವಳು ಹೇಳಿದ್ದಳು. ನಾವು ಸೋಮವಾರ ಹೊರಟಿದ್ದರಿಂದ ರೂಮಿನ ಬಾಡಿಗೆಯೂ ಉಳಿಯಿತು. ರೈಲು ಟಿಕೆಟ್ಟಿಗೆ ಪಾಸ್‌ಪೋರ್ಟ್ ನಂಬರೇ ಆಧಾರ. ಒಳಗೆ ಹೋಗುವಾಗ ನಮ್ಮ ಪಾಸ್‌ಪೋರ್ಟನ್ನು ಯಂತ್ರ ಓದದೆ ಒಬ್ಬ ಹುಡುಗ ಪಕ್ಕದ ಗೇಟಿನಿಂದ ಬಿಟ್ಟ. ಅರ್ಧ ಗಂಟೆ ಮುಂಚೆ ಹೋಗಿದ್ದು ಒಳ್ಳೆಯದಾಯಿತು.

ಬೋಗಿಯ ತುದಿಯಲ್ಲಿ ಕುದಿಯುವ ನೀರಿನ ನಲ್ಲಿ. ಎಲ್ಲರ ಕೈಯಲ್ಲೂ ಫ್ಲಾಸ್ಕು, ಅದರಲ್ಲಿ ತೇಲುವ ಚಹಾ ಎಲೆ. ಅಪ್ಪ ಮನೆಯಿಂದ ತಂದಿದ್ದ ಸ್ಟೀಲ್ ಲೋಟ ತೆಗೆದು ಬಿಸಿನೀರು ಹಿಡಿದು ಕೂತರು. ಎದುರಿನ ಸೀಟಿನ ಅಜ್ಜ ಆ ಲೋಟವನ್ನು ತಿರುಗಿಸಿ ಮುರುಗಿಸಿ ನೋಡಿದ, ತನ್ನ ಡಬ್ಬಿಯಿಂದ ಒಂದು ಚಿಟಿಕೆ ಚಹಾ ಎಲೆ ಹಾಕಿದ. ಅಲ್ಲಿಂದ ಅವರಿಬ್ಬರಿಗೂ ಮಾತು ಶುರು. ಅಪ್ಪ ಕನ್ನಡದಲ್ಲಿ, ಅಜ್ಜ ಯುನ್ನಾನಿನ ಚೀನೀಯಲ್ಲಿ. ನಾನು ಫೋನಿನ ಅನುವಾದ ಹಿಡಿದು ಮಧ್ಯೆ ತೂರಿದರೆ ಇಬ್ಬರಿಗೂ ತೊಂದರೆಯಾದಂತೆ ಕಂಡಿತು.

ಫೋನಿನ ವಿಷಯ ಬಂದಾಗ ಹೇಳಿಬಿಡುತ್ತೇನೆ. ಭಾರತದ ಸಿಮ್ಮಿನಲ್ಲೇ ರೋಮಿಂಗ್ ಹಾಕಿಸಿಕೊಂಡು ಹೋಗಿದ್ದೆ. ದುಬಾರಿ, ಆದರೆ ಗೂಗಲ್, ವಾಟ್ಸಾಪ್ ಎಲ್ಲ ನಡೆದವು. ಅಲ್ಲಿನ ವೈಫೈಯಲ್ಲಿ ನಡೆಯುವುದಿಲ್ಲ. ಇನ್ನು ದುಡ್ಡು: ಅಲಿಪೇ ಅನ್ನೋ ಚೀನೀ ಪಾವತಿ ಆ್ಯಪ್‌ಗೆ ನಮ್ಮ ವೀಸಾ ಕ್ರೆಡಿಟ್ ಕಾರ್ಡ್ ಜೋಡಿಸಿಕೊಂಡು ಹೋಗಿ. ಮುಂದೆ ಹೊಲದ ಬದುವಿನಲ್ಲಿ ಆಲೂಗಡ್ಡೆ ಸುಡುತ್ತಿದ್ದ ಅಜ್ಜಿಯ ಕೊರಳಲ್ಲೂ ಕ್ಯೂಆರ್ ಕೋಡಿನ ಬಿಲ್ಲೆ ನೇತಾಡುತ್ತಿತ್ತು.

ಕುನ್ಮಿಂಗ್ ಬಿಟ್ಟಾಗ ಬಿಸಿಲು ಚುರುಕಾಗಿತ್ತು. ಸುರಂಗ, ಸೇತುವೆ, ಮತ್ತೆ ಸುರಂಗ. ಒಂದು ಸುರಂಗ ದಾಟಿದ ಮೇಲೆ ಆಕಾಶ ಬೂದಿಬಣ್ಣ. ಇನ್ನೊಂದು ದಾಟಿದರೆ ಕಿಟಕಿ ಗಾಜಿನ ಮೇಲೆ ತುಂತುರು. ಸ್ವೆಟರ್ ಎಲ್ಲಿಟ್ಟೆ ಅಂತ ಹುಡುಕಿದೆ. ಅಜ್ಜ ಹೊರಗೆ ಕೈ ತೋರಿಸಿ ನಕ್ಕ, ಇಲ್ಲಿ ಹೀಗೇ ಅನ್ನುವಂತೆ. ಆಮೇಲೆ ಓದಿ ತಿಳಿದೆ. ಚಳಿಗಾಲದಲ್ಲಿ, ವಸಂತದ ಶುರುವಿನಲ್ಲಿ, ಉತ್ತರದ ತಣ್ಣನೆ ಗಾಳಿ ಗ್ವೀಚೌ ದಾಟಿ ಬಂದು ಯುನ್ನಾನಿನ ಎತ್ತರಕ್ಕೆ ತಡೆದು ನಿಂತುಬಿಡುತ್ತದೆ. ಗೆರೆಯ ಆ ಕಡೆ ಕುನ್ಮಿಂಗ್‌ಗೆ ಬಿಸಿಲು, ಈ ಕಡೆ ಗ್ವೀಚೌಗೆ ಮೋಡ. ಲುವೊಪಿಂಗ್ ಇರುವುದು ಆ ಗೆರೆಯ ಹತ್ತಿರವೇ. ಹಾಗಾಗಿ ಹವಾಮಾನದ ಆ್ಯಪ್ ಏನು ಹೇಳಿದರೂ ಒಂದೆರಡು ದಿನ ಕೈಯಲ್ಲಿ ಜಾಸ್ತಿ ಇಟ್ಟುಕೊಂಡು ಹೋಗಬೇಕು.

ಊರು ಹತ್ತಿರ ಬಂದಂತೆ ಹಳದಿ ಶುರುವಾಯಿತು. ಮೊದಲು ಹಳಿಯ ಪಕ್ಕ ಒಂದು ತುಂಡು, ಆಮೇಲೆ ಮನೆಗಳ ಹಿಂದೆ, ಆಮೇಲೆ ಎರಡೂ ಕಡೆ. ಬೋಗಿಯಲ್ಲಿ ಅರ್ಧ ಜನ ಎದ್ದು ಕಿಟಕಿಗೆ ಅಂಟಿಕೊಂಡರು. ಅಪ್ಪ ಮಾತ್ರ ಕೂತಲ್ಲೇ ಹೇಳಿದರು: "ಒಂದೇ ಹೊತ್ತಿಗೆ ಬಿತ್ತವ್ರೆ. ಎಲ್ಲಾ ಒಂದೇ ಎತ್ತರ ಐತೆ."

ಎರಡನೇ ದಿನ: ಜಿನ್‌ಜಿಫೆಂಗ್, ಮಂಜು ಮತ್ತು ಜೇನು

ಚೀನಾಕ್ಕೆಲ್ಲ ಒಂದೇ ಗಡಿಯಾರ, ಬೀಜಿಂಗಿನದು. ಇಷ್ಟು ಪಶ್ಚಿಮದಲ್ಲಿರುವ ಯುನ್ನಾನಿನಲ್ಲಿ ಫೆಬ್ರವರಿ ಕೊನೆಗೆ ಸೂರ್ಯ ಹುಟ್ಟುವುದು ಏಳೂವರೆ ಹೊತ್ತಿಗೆ. ಸೂರ್ಯೋದಯ ನೋಡಲು ನಾಲ್ಕಕ್ಕೆ ಏಳುವ ಕಷ್ಟ ಇಲ್ಲಿಲ್ಲ. ಆರೂವರೆಗೆ ಟ್ಯಾಕ್ಸಿ ಹಿಡಿದು ಜಿನ್‌ಜಿಫೆಂಗ್‌ಗೆ ಹೊರಟೆವು. ಪೇಟೆಯಿಂದ ಹೆಚ್ಚು ದೂರವಿಲ್ಲ. ಬಂಗಾರದ ಹುಂಜದ ಗುಡ್ಡ ಅಂತ ಹೆಸರಿನ ಅರ್ಥ. ಪೋಸ್ಟ್‌ಕಾರ್ಡ್ ಚಿತ್ರಗಳೆಲ್ಲ ಇಲ್ಲಿಯವೇ.

ಮೆಟ್ಟಿಲು ಹತ್ತಿ ಮೇಲೆ ಹೋದರೆ ಮೂರು ಕಾಲಿನ ಕ್ಯಾಮೆರಾ ಸ್ಟ್ಯಾಂಡುಗಳ ಸಾಲು. ಹಿಂದೆ ದಪ್ಪ ಜಾಕೆಟ್ ಹಾಕಿಕೊಂಡ ನಿವೃತ್ತರ ಗುಂಪು. ಅವರ ಮುಂದೆ ಬರೀ ಬಿಳಿ. ಮಂಜು ಎಷ್ಟಿತ್ತೆಂದರೆ ಕೆಳಗಿನ ರಸ್ತೆಯ ಹಾರ್ನ್ ಕೇಳಿಸುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ಎಂಟೂವರೆವರೆಗೂ ನಿಂತೆವು. ಕೈ ಮರಗಟ್ಟಿತು. ಗುಂಪಿನಲ್ಲಿ ಯಾರಿಗೂ ಬೇಜಾರಿಲ್ಲ. ಸೂರ್ಯಕಾಂತಿ ಬೀಜ ಕಡಿಯುತ್ತಾ, ಸಿಪ್ಪೆಯನ್ನು ಒಂದು ಚೀಲಕ್ಕೆ ಉಗುಳುತ್ತಾ ನಗುತ್ತಿದ್ದರು. ಒಬ್ಬ ಹೆಂಗಸು ಅಪ್ಪನಿಗೂ ಒಂದು ಹಿಡಿ ಕೊಟ್ಟಳು.

ಕೆಳಗಿಳಿದು ತಿಂಡಿಗೆ ಒಂದು ಶೆಡ್ಡಿಗೆ ಹೋದೆವು. ಅಕ್ಕಿ ಶಾವಿಗೆಯ ಬಿಸಿ ಸಾರು, ಅಲ್ಲಿ ಅದಕ್ಕೆ ಮಿಶ್ಯೆನ್ ಅನ್ನುತ್ತಾರೆ. ಮಾಂಸ ಬೇಡ ಅಂತ ಫೋನಿನಲ್ಲಿ ಬರೆದು ತೋರಿಸಿದರೆ ತಲೆ ಆಡಿಸುತ್ತಾರೆ, ಆದರೆ ಸಾರು ಮೂಳೆಯದೇ ಆಗಿರುತ್ತದೆ. ಸಂಪೂರ್ಣ ಸಸ್ಯಾಹಾರಿಗಳಾದರೆ ಸಾರಿಲ್ಲದ, ಕಲಸಿದ ಶಾವಿಗೆ ಕೇಳಿ. ಮೇಲೆ ಹಾಕಿಕೊಳ್ಳಲು ಸಣ್ಣ ಬಟ್ಟಲುಗಳಲ್ಲಿ ಪುದೀನ, ಕೊತ್ತಂಬರಿ, ಒಣಮೆಣಸಿನ ಎಣ್ಣೆ, ಜೊತೆಗೆ ಬಿಳಿ ಬೇರಿನ ತುಂಡುಗಳು. ಅಪ್ಪ ಮೂಲಂಗಿ ಇರಬೇಕು ಅಂತ ಒಂದು ದೊಡ್ಡ ಚಮಚ ಹಾಕಿಕೊಂಡರು. ಅದು ಝೆಆರ್‌ಗೆನ್ ಅನ್ನುವ ಬೇರು. ಹಸಿ ಮೀನಿನ ವಾಸನೆ ಹೊಡೆಯುತ್ತದೆ, ಯುನ್ನಾನಿನವರಿಗೆ ಪ್ರಾಣ. ಅಪ್ಪ ಬಾಯಲ್ಲಿಟ್ಟು, ನಿಲ್ಲಿಸಿ, ನನ್ನ ಕಡೆ ನೋಡಿದರು. ಉಗುಳುವುದಕ್ಕೂ ಆಗದು, ಎದುರಿಗೆ ಅಂಗಡಿಯವಳು ನಿಂತಿದ್ದಾಳೆ. ನುಂಗಿದರು. ಅವಳಿಗೆ ಖುಷಿಯಾಗಿ ಇನ್ನೊಂದು ಚಮಚ ಹಾಕಿದಳು.

ಹನ್ನೊಂದರ ಹೊತ್ತಿಗೆ ಮಂಜು ಎದ್ದಿತು. ಪರದೆ ಸರಿದಂತೆ ಒಂದೇ ಸಲ ಅಲ್ಲ. ಒಂದು ಗುಡ್ಡದ ತುದಿ ಕಂಡಿತು, ಮುಚ್ಚಿತು, ಪಕ್ಕದ್ದು ಕಂಡಿತು. ಆಮೇಲೆ ಬಿಸಿಲು ಬಿದ್ದಾಗ ಅಷ್ಟು ಹಳದಿಗೆ ಕಣ್ಣು ಕಿರಿದು ಮಾಡಿಕೊಳ್ಳಬೇಕಾಯಿತು. ಮೇಲಿನಿಂದ ನೋಡುವುದು ಚೆಂದವೇ. ಆದರೆ ನನ್ನನ್ನು ಕೇಳಿದರೆ ಅರ್ಧ ಗಂಟೆ ಸಾಕು. ಕೆಳಗಿಳಿದು ಬದುವಿನ ಮೇಲೆ ನಡೆದರೆ ಗಿಡ ಎದೆಮಟ್ಟ ಬರುತ್ತದೆ. ಪ್ರತಿ ಹೂವಿಗೂ ನಾಲ್ಕು ಎಸಳು, ಅಡ್ಡ ಉದ್ದ ಇಟ್ಟಂತೆ. ಒಂದೇ ತೆನೆಯಲ್ಲಿ ಕೆಳಗಿನ ಹೂ ಉದುರಿ ಸಣ್ಣ ಹಸಿರು ಕಾಯಿ ಕಟ್ಟಿದೆ, ನಡುವೆ ಹೂ ಬಿರಿದಿದೆ, ತುದಿಯಲ್ಲಿ ಇನ್ನೂ ಮೊಗ್ಗು. ಪರಿಮಳ ಅಂತ ಬರೆಯುತ್ತಾರೆ, ನಂಬಬೇಡಿ. ಸಿಹಿ ಇದೆ, ಅದರ ಅಡಿಯಲ್ಲಿ ಹೂಕೋಸು ಬೇಯಿಸಿದ ವಾಸನೆಯೂ ಇದೆ. ಒಂದು ಗಂಟೆ ನಡೆದರೆ ಪ್ಯಾಂಟು ಸೊಂಟದವರೆಗೆ ಹಳದಿ. ಕಪ್ಪು ಬಟ್ಟೆ ಹಾಕಿಕೊಂಡು ಹೋಗಬೇಡಿ. ಪರಾಗ ಆಗದವರು ಮಾಸ್ಕ್ ಇಟ್ಟುಕೊಳ್ಳಿ, ನಾನು ಸೀನಿ ಸೀನಿ ಸುಸ್ತಾದೆ.

ಬಿಸಿಲು ಬಂದ ಮೇಲೆಯೇ ಸದ್ದು ಶುರುವಾಗಿದ್ದು. ಚಳಿಯಲ್ಲಿ ಜೇನು ಗೂಡು ಬಿಡುವುದಿಲ್ಲ. ಬಿಸಿಯಾಗುತ್ತಿದ್ದ ಹಾಗೆ ಇಡೀ ಬಯಲು ಗುಂಯ್ ಅನ್ನತೊಡಗಿತು. ರಸ್ತೆ ಬದಿಯಲ್ಲಿ ನೀಲಿ ಟಾರ್ಪಾಲಿನ ಗುಡಾರ, ಅದರ ಮುಂದೆ ಮರದ ಪೆಟ್ಟಿಗೆಗಳ ಉದ್ದ ಸಾಲು. ಗಂಡ ಹೆಂಡತಿ ಇಬ್ಬರೇ, ಸಿಚುವಾನಿನವರು. ಹಾಳೆಯ ಮೇಲೆ ಪರಾಗದ ಸಣ್ಣ ಉಂಡೆಗಳನ್ನು ಒಣ ಹಾಕಿದ್ದರು. ಜೇನು ಕಾಲಿಗೆ ಅಂಟಿಸಿಕೊಂಡು ಬರುವ ಪರಾಗ ಉದುರಲೆಂದು ಗೂಡಿನ ಬಾಗಿಲಿಗೆ ಸಣ್ಣ ತೂತಿನ ಪಟ್ಟಿ ಇಟ್ಟಿರುತ್ತಾರೆ.

ಅವರ ಕತೆ ನನಗೆ ಹೂವಿಗಿಂತ ಹಿಡಿಸಿತು. ಚಳಿ ಮುಗಿಯುವ ಮುಂಚೆಯೇ ಲಾರಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಇಲ್ಲಿಗೆ ಬರುತ್ತಾರೆ, ಯಾಕೆಂದರೆ ಇಲ್ಲಿ ಬೇಗ ಹೂ ಬರುತ್ತದೆ. ಹುಳ ಮರಿ ಮಾಡಿ ಸಂಸಾರ ಬಲವಾಗುತ್ತದೆ. ಇಲ್ಲಿ ಉದುರುವ ಹೊತ್ತಿಗೆ ಸಿಚುವಾನಿನಲ್ಲಿ ಹೂ, ಆಮೇಲೆ ಶಾನ್‌ಶಿ, ಹಾಗೆ ಬಡಗಣಕ್ಕೆ ಏರುತ್ತಾ ಜುಲೈಗೆ ಚಿಂಗ್‌ಹಾಯ್. ಅಲ್ಲಿನ ಎತ್ತರದ ಚಳಿ ನಾಡಿನಲ್ಲಿ ಎಣ್ಣೆಸಾಸಿವೆ ಅರಳುವುದೇ ಆಗ. ಒಂದೇ ಬೆಳೆಯ ಹಿಂದೆ ಅರ್ಧ ವರ್ಷ ಓಡಾಟ. ಮಕ್ಕಳು ಊರಲ್ಲಿ ಅಜ್ಜಿ ಹತ್ತಿರ. "ಕುರಿ ಕಾಯೋರೂ ಹಿಂಗೇ" ಅಂದರು ಅಪ್ಪ. ನಮ್ಮ ಕಡೆ ಕುರಿ ಮಂದೆ ಊರೂರು ಅಲೆಯುವುದನ್ನು ನೋಡಿ ಬೆಳೆದವರು ಅವರು.

ಅಷ್ಟರಲ್ಲಿ ಅಪ್ಪನ ಕಿವಿಯ ಹಿಂದೆ ಒಂದು ಹುಳ ಚುಚ್ಚಿತು. ನಾನು ಮುಳ್ಳನ್ನು ಚಿವುಟಿ ಕೀಳಲು ಹೋದೆ. ಆ ಹೆಂಗಸು ನನ್ನ ಕೈ ತಳ್ಳಿ, ಉಗುರಿನಿಂದ ಅಡ್ಡಕ್ಕೆ ಕೆರೆದು ತೆಗೆದಳು. ಚಿವುಟಿದರೆ ಮುಳ್ಳಿನ ಬುಡದ ಚೀಲದಲ್ಲಿರುವ ವಿಷವೂ ಒಳಗೆ ಹೋಗುತ್ತದೆ ಅಂತ ಅವಳ ನಂಬಿಕೆ. ಮುಳ್ಳನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದಳು. ಕೂದಲಿನಷ್ಟು ಸಣ್ಣ ಕಪ್ಪು ಗೆರೆ, ಅದರ ಕೊನೆಯಲ್ಲಿ ಮಿಡಿಯುತ್ತಿದ್ದ ಒಂದು ಹನಿ. ಎರಡು ಬಾಟಲಿ ಜೇನುತುಪ್ಪ ಕೊಂಡೆವು. ಒಂದು ತಿಳಿ, ಇನ್ನೊಂದು ಆಗಲೇ ಚಳಿಗಾಲದ ತುಪ್ಪದ ಹಾಗೆ ಬೆಳ್ಳಗೆ ಗಟ್ಟಿ. ಸಕ್ಕರೆ ಬೆರೆಸಿದ್ದಾರೆ ಅಂತ ಅನುಮಾನ ಬರುತ್ತದೆ, ಆದರೆ ಈ ಹೂವಿನ ಜೇನು ಬೇಗ ಹೆಪ್ಪುಗಟ್ಟುವುದೇ ಹಾಗೆ.

ಮೂರನೇ ದಿನ: ನ್ಯೂಜ್ಯೆಯ ಬಸವನಹುಳು ಹೊಲಗಳು

ಲುವೊಪಿಂಗ್‌ನಲ್ಲಿ ಒಂದೇ ಜಾಗಕ್ಕೆ ಹೊತ್ತಿದ್ದರೆ ನ್ಯೂಜ್ಯೆಗೆ ಹೋಗಿ. ಪೇಟೆಯಿಂದ ಉತ್ತರಕ್ಕೆ ಅರ್ಧ ಮುಕ್ಕಾಲು ಗಂಟೆ ದಾರಿ. ಹಂಚಿಕೊಳ್ಳುವ ವ್ಯಾನಿನಲ್ಲಿ ಹೋದೆವು. ಡ್ರೈವರು ಜನ ತುಂಬುವವರೆಗೂ ಹೊರಡಲಿಲ್ಲ, ತುಂಬಿದ ಮೇಲೆ ಎಲ್ಲೂ ನಿಲ್ಲಿಸಲಿಲ್ಲ.

ಇದು ಸುಣ್ಣಕಲ್ಲಿನ ಸೀಮೆ. ಮಳೆನೀರು ಕಲ್ಲನ್ನು ಕರಗಿಸಿ ನೆಲ ಅಲ್ಲಲ್ಲಿ ಕುಸಿದು ಬಟ್ಟಲಿನಂಥ ಗುಂಡಿಗಳಾಗಿವೆ. ರೈತರು ಆ ಗುಂಡಿಗಳ ಸುತ್ತ ಮಣ್ಣು ಜರುಗದಂತೆ ಬದು ಹಾಕುತ್ತಾ ಬಂದಿದ್ದಾರೆ. ತಳದಲ್ಲಿ ಒಂದು ಪುಟ್ಟ ಗುಂಡು ಹೊಲ, ಅದರ ಸುತ್ತ ಒಂದು ಬಳೆ, ಅದರ ಸುತ್ತ ಇನ್ನೊಂದು. ಮೇಲಿನ ಕಟ್ಟೆಯಿಂದ ನೋಡಿದರೆ ಸುರುಳಿ ಸುತ್ತಿದ ಹಳದಿ, ನಡುವೆ ಬದುವಿನ ಹಸಿರು ಗೆರೆ. ಬಸವನಹುಳು ಹೊಲ ಅನ್ನುವುದು ಅಲ್ಲಿಯವರೇ ಇಟ್ಟ ಹೆಸರು. ಯಾರೋ ಚೆಂದಕ್ಕೆ ಮಾಡಿದ್ದು ಅಂತ ಅನ್ನಿಸಿಬಿಡುತ್ತದೆ. ಅಪ್ಪನಿಗೆ ಹಾಗೆ ಅನ್ನಿಸಲಿಲ್ಲ. ಅವರ ತಲೆಯಲ್ಲಿದ್ದದ್ದು ನೀರು. "ಮಳೆ ಬಿದ್ರೆ ಎಲ್ಲಾ ನೀರೂ ತಳಕ್ಕೆ ಬತ್ತದೆ. ತಳದ ಹೊಲದೋನು ಏನು ಮಾಡ್ತಾನೆ?"

ಆ ಪ್ರಶ್ನೆ ಹಿಡಿದುಕೊಂಡೇ ಕೆಳಗಿಳಿದರು. ಮೊಣಕಾಲು ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ತಳದಲ್ಲಿ ಒಬ್ಬ ಮುದುಕ ಬೆನ್ನಿಗೆ ಬಿದಿರಿನ ಬುಟ್ಟಿ ಹಾಕಿಕೊಂಡು ದನಕ್ಕೆ ಹುಲ್ಲು ಕೊಯ್ಯುತ್ತಿದ್ದ. ಪ್ರಶ್ನೆ ಅವನಿಗೆ ಫೋನಿಲ್ಲದೆಯೇ ಅರ್ಥವಾಯಿತು. ಕೈ ಹಿಡಿದು ಕರೆದುಕೊಂಡು ಹೋಗಿ ಹೊಲದ ಮೂಲೆಯಲ್ಲಿ ಒಂದು ಕಲ್ಲಿನ ಬಿರುಕು ತೋರಿಸಿದ. ನೀರು ಅದರೊಳಗೆ ಇಳಿದು ನೆಲದಡಿ ಹೋಗಿಬಿಡುತ್ತದೆ. ಬಿರುಕಿನ ಬಾಯಿಗೆ ಮುಳ್ಳಿನ ಕೊಂಬೆ ಅಡ್ಡ ಇಟ್ಟಿದ್ದ, ಕಸ ಸಿಕ್ಕಿಕೊಳ್ಳದಿರಲಿ ಅಂತ. ಅಪ್ಪ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಒಂದು ಕಲ್ಲು ಹಾಕಿ ಸದ್ದು ಕೇಳಿದರು. ಅವನೂ ಒಂದು ಹಾಕಿದ.

ಅವನ ಪಾಲು ನಾಲ್ಕು ಮು. ಆರು ಮು ಅಂದರೆ ಹೆಚ್ಚುಕಡಿಮೆ ನಮ್ಮ ಒಂದು ಎಕರೆ, ಹಾಗಾಗಿ ಇವನಿಗಿರುವುದು ಮುಕ್ಕಾಲು ಎಕರೆಗೂ ಕಡಿಮೆ. ನೆಲ ಅವನ ಹೆಸರಿನಲ್ಲಿಲ್ಲ, ಊರಿನ ಒಟ್ಟು ಆಸ್ತಿ. ಸಂಸಾರಕ್ಕೆ ಗುತ್ತಿಗೆ ಹಕ್ಕು ಮಾತ್ರ. ಉಳಬಹುದು, ಇನ್ನೊಬ್ಬರಿಗೆ ಉಳಲು ಕೊಡಬಹುದು, ಮಾರುವ ಹಾಗಿಲ್ಲ. ಅಪ್ಪ ಇದನ್ನು ಬಹಳ ಹೊತ್ತು ಯೋಚಿಸಿದರು. "ಮಾರಂಗಿಲ್ಲ ಅಂದ್ರೆ ಅಣ್ಣತಮ್ಮರ ಜಗಳಾನೂ ಇರಂಗಿಲ್ಲ" ಅಂದರು ಕೊನೆಗೆ. ಇದೆಯೋ ಇಲ್ಲವೋ ಅಂತ ನಾನು ಆ ಮುದುಕನನ್ನು ಕೇಳಲಿಲ್ಲ.

ಅಕ್ಟೋಬರ್ ಸುಮಾರಿಗೆ ಬಿತ್ತನೆ, ಏಪ್ರಿಲ್ ಕೊನೆ, ಮೇ ಹೊತ್ತಿಗೆ ಕೊಯ್ಲು, ಆಮೇಲೆ ಅದೇ ನೆಲಕ್ಕೆ ಮುಸುಕಿನ ಜೋಳ ಇಲ್ಲವೇ ಹೊಗೆಸೊಪ್ಪು. ಹೂವಿನ ಹಬ್ಬ ಅಂತ ಸರ್ಕಾರ 1999ರಿಂದ ನಡೆಸುತ್ತಿದೆ, ಜನ ಬರುವುದೂ ಜಾಸ್ತಿಯಾಗಿದೆ. ಅವನ ಮಗಳು ರಸ್ತೆ ಪಕ್ಕ ಹೂವಿನ ಕಿರೀಟ ಮಾರುತ್ತಾಳೆ, ಬಾಡಿಗೆಗೆ ಬಣ್ಣದ ಬಟ್ಟೆ ಕೊಡುತ್ತಾಳೆ. ಎಣ್ಣೆಗಿಂತ ಅದರಲ್ಲೇ ದುಡ್ಡು ಅಂತ ಮುದುಕ ನಕ್ಕ. ಪ್ರವಾಸಿಗರು ಫೋಟೊಕ್ಕೆ ಹೊಲದೊಳಗೆ ನುಗ್ಗಿ ಗಿಡ ಮುರಿಯುವುದನ್ನೂ ತೋರಿಸಿದ. ಬದುವಿನ ಪಕ್ಕ ಒಂದು ಚಾಪೆಯಷ್ಟು ಜಾಗ ನೆಲಕ್ಕೆ ಮಲಗಿತ್ತು. ದಯವಿಟ್ಟು ಬದು ಬಿಟ್ಟು ಇಳಿಯಬೇಡಿ. ಕೆಲವರು ಹೊಲದ ನಡುವೆ ಹಲಗೆ ಹಾಸಿ ಐದೋ ಹತ್ತೋ ಯುವಾನ್ ತಗೊಳ್ಳುತ್ತಾರೆ, ಅದು ನ್ಯಾಯವಾದ ದುಡ್ಡು.

ಮಧ್ಯಾಹ್ನದ ಊಟ ಆ ಊರಿನ ಒಂದು ಮನೆಯಲ್ಲಿ, ಮುಂದಿನ ಕೋಣೆಯೇ ಹೋಟೆಲು. ಎಣ್ಣೆಸಾಸಿವೆಯ ಎಳೇ ಕುಡಿಗಳನ್ನು ಮೊಗ್ಗಿನ ಸಮೇತ ಬೆಳ್ಳುಳ್ಳಿ, ಒಣಮೆಣಸಿನ ಜೊತೆ ಜೋರು ಬೆಂಕಿಯಲ್ಲಿ ಹುರಿದ ಪಲ್ಯ. ಬಾಯಿಗೆ ಸ್ವಲ್ಪ ಕಹಿ, ಹಿಂದೆಯೇ ಸಿಹಿ. ಮೇಕೆ ಹಾಲಿನ ಪನೀರನ್ನು ತೆಳ್ಳಗೆ ಕೊಯ್ದು ಹೆಂಚಿನ ಮೇಲೆ ಕೆಂಪಗೆ ಕಾಯಿಸಿ ಉಪ್ಪು, ಮೆಣಸಿನ ಪುಡಿ ಉದುರಿಸಿ ಕೊಟ್ಟರು. ರೂಬಿಂಗ್ ಅಂತ ಹೆಸರು. ಚೀನಾದಲ್ಲಿ ಹಾಲಿನ ಅಡುಗೆ ಸಿಗುವುದೇ ಅಪರೂಪ, ಯುನ್ನಾನಿನಲ್ಲಿ ಸಿಗುತ್ತದೆ. ಸಸ್ಯಾಹಾರಿಗಳು ಈ ಹೆಸರು ಬರೆದಿಟ್ಟುಕೊಳ್ಳಿ. ಅನ್ನದ ಜೊತೆ ಇವೆರಡೇ ಸಾಕಾಯಿತು. ಅಪ್ಪ ಬ್ಯಾಗಿನಿಂದ ಶೇಂಗಾ ಚಟ್ನಿಪುಡಿ ತೆಗೆದು ಮನೆಯವರಿಗೂ ಬಡಿಸಿದರು. ಅವರ ಮಗ ಬೆರಳು ನೆಕ್ಕಿ ಇನ್ನಷ್ಟು ಕೇಳಿದ.

ನಾಲ್ಕನೇ ದಿನ: ಜಲಪಾತ ಬೇಗ, ಗಾಣ ನಿಧಾನ

ಬೆಳಿಗ್ಗೆ ಜ್ಯೂಲಾಂಗ್ ಜಲಪಾತ. ಹತ್ತು ಹಂತವಾಗಿ ಇಳಿಯುವ ನದಿ, ದೊಡ್ಡ ಹಂತ 56 ಮೀಟರ್ ಎತ್ತರ. ಚೆನ್ನಾಗಿದೆ. ಆದರೆ ಫೆಬ್ರವರಿಯಲ್ಲಿ ನೀರು ಕಡಿಮೆ, ಮಳೆಗಾಲದ ಜೋಗ ನೋಡಿದ ಕಣ್ಣಿಗೆ ಹೊಟ್ಟೆ ತುಂಬುವುದಿಲ್ಲ. ಹೂವಿಗೂ ನೀರಿಗೂ ಒಂದೇ ಕಾಲ ಅಲ್ಲ. ಅಲ್ಲಿಂದ ಬರುವಾಗ ವ್ಯಾನು ತಪ್ಪಿ, ತುಂತುರಿನಲ್ಲಿ ಒಂದು ಗಂಟೆ ನಿಂತು, ಸಿಮೆಂಟ್ ಚೀಲ ತುಂಬಿದ ಮೂರು ಗಾಲಿಯ ಗಾಡಿಯಲ್ಲಿ ಪೇಟೆಗೆ ಬಂದೆವು. ಗಾಡಿಯವನು ದುಡ್ಡು ಮುಟ್ಟಲಿಲ್ಲ.

ಪೇಟೆಯ ಅಂಚಿಗೆ ಬರುತ್ತಲೇ ಅಪ್ಪ ಮೂಗು ಎತ್ತಿದರು. "ಎಲ್ಲೋ ಬೀಜ ಹುರೀತವ್ರೆ." ನನಗೆ ಏನೂ ಗೊತ್ತಾಗಲಿಲ್ಲ. ಅವರು ಬೀದಿ ತಿರುಗಿ, ಟೈರ್ ಅಂಗಡಿ ದಾಟಿ, ನೇರವಾಗಿ ಒಂದು ಶೆಡ್ಡಿನ ಮುಂದೆ ನಿಂತರು. ಎಣ್ಣೆ ಗಾಣ. ಹಳ್ಳಿಯವರು ಮನೆಯಲ್ಲಿಟ್ಟಿದ್ದ ಹೋದ ವರ್ಷದ ಬೀಜ ಚೀಲದಲ್ಲಿ ತಂದು ತಮ್ಮ ಸರದಿಗೆ ಕಾಯುತ್ತಾರೆ.

ಬೀಜ ಕಪ್ಪು, ನಮ್ಮ ಸಾಸಿವೆಗಿಂತ ಒಂದಿಷ್ಟು ದಪ್ಪ. ತಿರುಗುವ ಕಬ್ಬಿಣದ ಪೀಪಾಯಿಯಲ್ಲಿ ಹುರಿಯುತ್ತಾರೆ. ಹದ ಬಂತೋ ಇಲ್ಲವೋ ಅಂತ ಗಾಣದವನು ನಾಲ್ಕು ಬೀಜ ತೆಗೆದು ಅಂಗೈಯಲ್ಲಿ ಹೆಬ್ಬೆರಳಿಂದ ತಿಕ್ಕಿದ, ಸಿಪ್ಪೆ ಬಿಟ್ಟು ಒಳಗೆ ಹಳದಿ ಕಂಡಿತು. ಅಪ್ಪನೂ ನಾಲ್ಕು ತಗೊಂಡು ತಿಕ್ಕಿ, ಮೂಸಿ, ಇನ್ನೊಂಚೂರು ಬೇಕು ಅಂತ ಕೈ ಮಾಡಿದರು. ಗಾಣದವನು ಇವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಅಲ್ಲಿಂದ ಮುಂದೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಒಂದು ಸ್ಟೂಲ್ ಕೊಟ್ಟರು, ಕೂತೆ.

ಹುರಿದ ಬೀಜ ಸುರುಳಿ ಗಾಣಕ್ಕೆ ಹೋಗುತ್ತದೆ. ಒಂದು ಕಡೆಯಿಂದ ಕಂದು ಬಣ್ಣದ ನೊರೆ ಎಣ್ಣೆ, ಇನ್ನೊಂದು ಕಡೆಯಿಂದ ಹಿಂಡಿ ಚಕ್ಕೆ ಚಕ್ಕೆಯಾಗಿ. ಎಣ್ಣೆಯನ್ನು ತಿಳಿಯಾಗಲು ಬಿಡುತ್ತಾರೆ. ಹಿಂಡಿಯನ್ನು ಯಾರೂ ಬಿಟ್ಟು ಹೋಗುವುದಿಲ್ಲ, ಹೊಗೆಸೊಪ್ಪಿನ ಹೊಲಕ್ಕೆ ಅದೇ ಗೊಬ್ಬರ. ಅಪ್ಪ ಒಂದು ಚಕ್ಕೆ ಮುರಿದು, ಬೆರಳಿಗೆ ಎಣ್ಣೆ ಹತ್ತುತ್ತದಾ ನೋಡಿ, "ಇನ್ನೂ ಎಣ್ಣೆ ಐತೆ, ಸರಿಯಾಗಿ ಹಿಂಡಿಲ್ಲ" ಅಂದರು. ನಾನು ಇದನ್ನು ಅನುವಾದ ಮಾಡಲಿಲ್ಲ.

ಹೊರಡುವಾಗ ಒಂದು ಲೀಟರ್ ಎಣ್ಣೆ ಕೊಂಡೆವು. ಅದನ್ನು ರೈಲಿನಲ್ಲಿ ಬಿಡುತ್ತಾರೋ ಇಲ್ಲವೋ ಅಂತ ನನಗೆ ದಿಗಿಲು. ಸ್ಟೇಷನ್ನಿನಲ್ಲಿ ಬಾಟಲಿ ತೆಗೆಸಿ ನೋಡಿದರು, ಅಡುಗೆ ಎಣ್ಣೆ ಅಂತ ಗೊತ್ತಾದ ಮೇಲೆ ಬಿಟ್ಟರು. ವಿಮಾನದಲ್ಲಿ ಕೈಚೀಲಕ್ಕೆ ಎಣ್ಣೆಯನ್ನೂ ಜೇನನ್ನೂ ಹಾಕಬೇಡಿ, ಎರಡೂ ದೊಡ್ಡ ಸೂಟ್‌ಕೇಸಿಗೇ ಹೋಗಬೇಕು.

ಐದನೇ ದಿನ: ದುವೊಯಿ ನದಿ, ಐದು ಬಣ್ಣದ ಅನ್ನ

ಆಗ್ನೇಯಕ್ಕೆ ಇಳಿಯುತ್ತಾ ಹೋದರೆ ಕೌಂಟಿಯ ತಗ್ಗಿನ ತುದಿ. ಯುನ್ನಾನ್, ಗ್ವೀಚೌ, ಗ್ವಾಂಗ್‌ಶಿ ಮೂರೂ ಸೇರುವ ಜಾಗ. ಒಂದು ಹುಂಜ ಕೂಗಿದರೆ ಮೂರು ಪ್ರಾಂತ್ಯಕ್ಕೆ ಕೇಳುತ್ತದೆ ಅನ್ನುತ್ತಾರೆ. ಪೇಟೆ ಇರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ, ಇಲ್ಲಿ ಅದರ ಅರ್ಧ. ವ್ಯಾನು ಇಳಿದಂತೆ ಸ್ವೆಟರ್ ಬಿಚ್ಚಿದೆವು, ಬಿದಿರು ಬಂತು, ಬಾಳೆ ಬಂತು. ಹಳದಿ ಖಾಲಿಯಾಗುತ್ತಾ ಬಂತು. ಸೆಕೆಗೆ ಇಲ್ಲಿ ಹೂ ಮುಂಚೆಯೇ ಮುಗಿದು ಕಾಯಿ ಕಟ್ಟಿತ್ತು. ಅಪ್ಪ ಒಂದು ಕಾಯಿ ಉಗುರಿನಿಂದ ಸೀಳಿದರು. ಒಳಗೆ ತೆಳ್ಳನೆ ಪೊರೆ, ಅದರ ಎರಡೂ ಕಡೆ ಎಳೇ ಹಸಿರು ಕಾಳುಗಳ ಸಾಲು. ಎಣಿಸಿದರು, ಆದರೆ ನನಗೆ ಹೇಳಲಿಲ್ಲ.

ದಾರಿಯಲ್ಲಿ ಲುಬುಗ ಅನ್ನೋ ಬೋರ್ಡು ಕಂಡಿತು. ಚೀನಾದ ಎಂಜಿನಿಯರುಗಳಿಗೆ ದೊಡ್ಡ ಹೆಸರು ಇದು. 1980ರ ದಶಕದಲ್ಲಿ ಇಲ್ಲಿನ ಜಲವಿದ್ಯುತ್ ಯೋಜನೆಗೆ ವಿಶ್ವಬ್ಯಾಂಕಿನ ಸಾಲ ತಂದು, ಸುರಂಗದ ಕೆಲಸಕ್ಕೆ ಹೊರದೇಶದವರಿಗೂ ಟೆಂಡರ್ ಕರೆದರು. ಜಪಾನಿನ ತೈಸೈ ಕಂಪನಿ ಗೆದ್ದಿತು. ಇಂಥ ಮೂಲೆಯಿಂದ ಇಡೀ ದೇಶದ ಗುತ್ತಿಗೆ ಪದ್ಧತಿ ಬದಲಾಗಲು ಶುರುವಾಯಿತು ಅಂದರೆ ಆಶ್ಚರ್ಯವೇ.

ದುವೊಯಿ ನದಿಯ ನೀರು ಪಚ್ಚೆ ಬಣ್ಣ, ಸುಣ್ಣ ಕಟ್ಟಿ ಆದ ಸಣ್ಣ ಸಣ್ಣ ಮೆಟ್ಟಿಲುಗಳ ಮೇಲೆ ಹರಿಯುತ್ತದೆ. ದಡದಲ್ಲಿ ಮರದ ನೀರಿನ ಚಕ್ರಗಳು. ಇಲ್ಲಿರುವವರು ಬುಯಿ ಜನ. ಊರಿನ ಬಾಗಿಲಲ್ಲಿ ಇಬ್ಬರು ಹೆಂಗಸರು ಬಿದಿರಿನ ಬುಟ್ಟಿಯಲ್ಲಿ ಐದು ಬಣ್ಣದ ಅಂಟು ಅನ್ನ ಮಾರುತ್ತಿದ್ದರು. ಚಾಂದ್ರಮಾನದ ಮೂರನೇ ತಿಂಗಳ ಮೂರನೇ ದಿನ ಅವರ ಹಬ್ಬ, ಈ ಅನ್ನ ಆ ದಿನದ್ದು. ಈಗ ಪ್ರವಾಸಿಗರಿಗಾಗಿ ದಿನಾ ಮಾಡುತ್ತಾರೆ. ಪುಡಿ ಬಣ್ಣವಾ ಅಂತ ಕೇಳಿದ್ದಕ್ಕೆ ಹಿರಿಯ ಹೆಂಗಸಿಗೆ ಸಿಟ್ಟು ಬಂತು. ಎದ್ದು ಮನೆಯೊಳಗಿಂದ ಒಣಗಿದ ಹೂ ತಂದಳು, ಹಳದಿಗೆ ಇದು. ಕಪ್ಪಿಗೆ ಎಲೆ ಜಜ್ಜಿ ನೆನೆಸಿದ ನೀರು. ನೇರಳೆಗೆ ಇನ್ನೊಂದು ಸೊಪ್ಪು. ಅಕ್ಕಿಯನ್ನು ಬಣ್ಣದ ನೀರಲ್ಲಿ ನೆನೆಸಿಟ್ಟು, ಆಮೇಲೆ ಹಬೆಯಲ್ಲಿ ಬೇಯಿಸುವುದು. ಸ್ವಲ್ಪ ಸಕ್ಕರೆ ಉದುರಿಸಿ ಬಾಳೆಲೆಯ ತುಂಡಿನಲ್ಲಿ ಕೊಟ್ಟಳು. ಕಪ್ಪು ಅನ್ನಕ್ಕೆ ಎಲೆಯ ಘಮ ಚೆನ್ನಾಗಿತ್ತು, ಉಳಿದವು ರುಚಿಯಲ್ಲಿ ಒಂದೇ.

ಅಲ್ಲೇ ಶುಂಠಿಯ ರಾಶಿ. ಲುವೊಪಿಂಗ್‌ನ ಸಣ್ಣ ಹಳದಿ ಶುಂಠಿ ಚೀನಾದಲ್ಲೆಲ್ಲ ಹೆಸರುವಾಸಿ. ಬೆರಳಷ್ಟೇ ದಪ್ಪ, ಮುರಿದರೆ ನಾರು ನಾರು, ಖಾರ ಗಂಟಲಿಗೆ ಹೊಡೆಯುತ್ತದೆ. ನನ್ನ ನೆಗಡಿಗೆ ಆ ಹೆಂಗಸು ಬೆಲ್ಲ ಹಾಕಿ ಕುದಿಸಿ ಕೊಟ್ಟಳು. ಮನೆಯಲ್ಲಿ ಅಮ್ಮ ಕೊಡುವ ಕಷಾಯವೇ, ಮೆಣಸು ಒಂದಿರಲಿಲ್ಲ.

ವಾಪಸು

ಕೊನೆಯ ಬೆಳಿಗ್ಗೆ ರೈಲಿಗೆ ಮುಂಚೆ ಅಪ್ಪ ಜೇನಿನ ಗುಡಾರಕ್ಕೆ ಇನ್ನೊಂದು ಸಲ ಹೋಗೋಣ ಅಂದರು. ಚಟ್ನಿಪುಡಿಯ ಉಳಿದ ಪೊಟ್ಟಣ ಅವರಿಗೆ ಕೊಡಬೇಕಂತೆ. ಕಿವಿ ಇನ್ನೂ ಊದಿತ್ತು. ಆ ಗಂಡಸು ಫೋನಿನಲ್ಲಿ ಚಿಂಗ್‌ಹಾಯಿಯ ಮೆನ್‌ಯುವಾನ್ ಅನ್ನೋ ಜಾಗದ ವಿಡಿಯೊ ತೋರಿಸಿದ. ಹಿಂದೆ ಹಿಮದ ಬೆಟ್ಟ, ಮುಂದೆ ಇದೇ ಹಳದಿ. ಜುಲೈನಲ್ಲಿ ಅಲ್ಲಿರುತ್ತೇವೆ, ಬನ್ನಿ ಅಂದ.

ರೈಲಿನಲ್ಲಿ ನಾನು ಹೋಗೋಣ್ವಾ ಅಪ್ಪ ಅಂತ ಕೇಳಿದೆ. ರಜೆ, ಟಿಕೆಟ್ಟು, ಎಲ್ಲ ನಾನು ನೋಡ್ಕೋತೀನಿ ಅಂದೆ.

"ಜುಲೈನಾಗೆ ಹೆಂಗಾಗ್ತದವ್ವ," ಅಂದರು. "ಶೇಂಗಾ ಬಿತ್ತನೆ ಇರ್ತದಲ್ಲ."